ಪಕ್ಕದ ಮನೆಯ ಚಪ್ಪಾಳೆ

ನಮ್ಮ ಪಕ್ಕದ ಮನೆಯವರು ತೀರಿಕೊಂಡ ಸುದ್ದಿ ನನಗಿಂತ ಮೊದಲು ಜಪಾನಿನವರಿಗೆ ಗೊತ್ತಾಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನ್ ನೋಡಿದರೆ, ಕಂಡು ಕೇಳರಿಯದ ಊರಿನವರೆಲ್ಲ ಅವರ ಹಳೆಯ ಫೋಟೋ ಹಾಕಿ ಪುಟಗಟ್ಟಲೆ ಬರೆದಿದ್ದರು. ಬರ್ಲಿನ್ನಿನವನೊಬ್ಬ, ಈ ಮನುಷ್ಯನ ಚಪ್ಪಾಳೆ ಕೇಳಿರದಿದ್ದರೆ ತಾನು ಇವತ್ತು ಬ್ಯಾಂಕಿನಲ್ಲಿ ಕೂತಿರುತ್ತಿದ್ದೆ ಎಂದಿದ್ದ. ನನಗೆ ದುಃಖವಾಯಿತು. ದುಃಖದ ಜೊತೆಗೆ ಹೊಟ್ಟೆಯೂ ಉರಿಯಿತು. ನಾನು ಸತ್ತರೆ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಕೈಮುಗಿದ ಚಿತ್ರ ಬೀಳುತ್ತವೆ. ಅದರ ಕೆಳಗೇ ಯಾರೋ, ರೆಂಟನ್ ಕಡೆ ಕರಿಬೇವಿನ ಗಿಡ ಯಾರ ಹತ್ತಿರ ಇದೆ ಎಂದು ಕೇಳಿರುತ್ತಾರೆ.

"ಹೋದೋರ ಮೇಲೂ ಹೊಟ್ಟೆಕಿಚ್ಚೇನ್ರೀ ನಿಮ್ಗೆ?" ಎಂದಳು ನನ್ನ ಹೆಂಡತಿ ಪ್ರಮೀಳಾ, ನನ್ನ ಮುಖ ನೋಡಿಯೇ. ಆಮೇಲೆ ಅವಳೇ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೂ ನನಗೆ ಸ್ವಲ್ಪ ಉರಿಯಿತು.

ನಾನು ಹೊಟ್ಟೆಪಾಡಿಗೆ ಅಮೆರಿಕದ ಸಿಯಾಟಲ್ ಹತ್ತಿರ ರೆಡ್ಮಂಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಬೇರೆಯವರ ತಪ್ಪು ಹುಡುಕುವ ಕೆಲಸ, ನನ್ನ ಸ್ವಭಾವಕ್ಕೆ ಹೊಂದುತ್ತದೆ. ಆದರೆ ನೀವು ಯಾರು ಎಂದು ಯಾರಾದರೂ ಕೇಳಿದರೆ ರಿದಂ ಪ್ಯಾಡ್ ನುಡಿಸುವವನು ಎನ್ನುತ್ತೇನೆ. ಕಡ್ಡಿಯಿಂದ ಬಡಿದರೆ ತಬಲಾ, ಢೋಲು, ಡ್ರಮ್ಮು ಎಲ್ಲದರ ಸದ್ದು ಬರುವ ರಬ್ಬರಿನ ಹಲಗೆ ಅದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಅದನ್ನು ಬಡಿದು ಹೆಸರು ಮಾಡಿದ್ದೆ. ಇಲ್ಲಿಗೆ ಬಂದ ಮೇಲೆ ಸಂಘದ ಆರ್ಕೆಸ್ಟ್ರಾಕ್ಕೆ ನಾನೇ ರಿದಂ, ಪ್ರಮೀಳಾ ಗಾಯಕಿ. ಶನಿವಾರ ಮಧ್ಯಾಹ್ನ ನಮ್ಮ ಗ್ಯಾರೇಜಿನಲ್ಲಿ ಪ್ರಾಕ್ಟೀಸ್. ಕೀಬೋರ್ಡಿನ ಗೋಪಿ ಡುವಾಲ್‌ನಿಂದ ಕಾರು ಓಡಿಸಿಕೊಂಡು ಬರುತ್ತಾನೆ. ಉಳಿದವರು ತಿಂಡಿ ಡಬ್ಬಿಗಳ ಸಮೇತ ಬರುತ್ತಾರೆ.

ರೆಂಟನ್ನಿನ ಈ ಮನೆಗೆ ಬಂದ ಹೊಸದರಲ್ಲಿ ಅಂಥ ಒಂದು ಶನಿವಾರ ಗ್ಯಾರೇಜಿನ ಬಾಗಿಲಲ್ಲಿ ಈ ಪಕ್ಕದ ಮನೆಯವರು ನಿಂತಿದ್ದರು. ಎತ್ತರದ, ಸಣಕಲು ಮೈಯ, ಎಪ್ಪತ್ತರ ಹತ್ತಿರದ ಕಪ್ಪು ಮನುಷ್ಯ. ಚೂಪಾಗಿ ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಅದಕ್ಕೆ ಒಪ್ಪುವ ಟೋಪಿ, ಕಿರುಬೆರಳಿನಲ್ಲಿ ದಪ್ಪನೆಯ ಉಂಗುರ. ಗಲಾಟೆಯಾಯಿತೆಂದು ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾವೆಲ್ಲ ನಡುಗಿಬಿಟ್ಟೆವು. ಗೋಪಿ ಸದ್ದು ತಗ್ಗಿಸಿದ. ನಾನು "ಸಾರಿ ಸರ್, ಸಾರಿ ಸರ್" ಎಂದೆ. ಪ್ರಮೀಳಾ ಒಂದು ತಟ್ಟೆಗೆ ಉಪ್ಪಿಟ್ಟು, ಕೇಸರಿಭಾತು ಹಾಕಿಕೊಂಡು ಓಡಿ ಬಂದಳು. ಎದುರಿಗೆ ಯಾರು ಸಿಟ್ಟಿನಲ್ಲಿ ನಿಂತರೂ ಮೊದಲು ತಿಂಡಿ ಕೊಡುವುದು ನಮ್ಮ ಕಡೆಯ ಕ್ರಮ.

ಅವರು ತಟ್ಟೆ ತೆಗೆದುಕೊಂಡರು, ಸೊಗಸಾಗಿ ತಿಂದರು, ಬೆರಳು ಒರೆಸಿಕೊಂಡು ನನ್ನ ಪ್ಯಾಡಿನ ಕೆಂಪು ಗುರುತಿನ ಮೂಲೆಯತ್ತ ಕೈ ತೋರಿಸಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ:

"ನೇಬರ್, ಅದು ನನ್ನ ಚಪ್ಪಾಳೆ."

ನನಗೆ ಅರ್ಥವಾಗಲಿಲ್ಲ. ಅವರು ಕಡ್ಡಿ ತೆಗೆದುಕೊಂಡು ಆ ಮೂಲೆಗೆ ಒಮ್ಮೆ ತಟ್ಟಿದರು. ಅದು ಪ್ಯಾಡಿನ ಜೊತೆ ಕಾರ್ಖಾನೆಯಿಂದಲೇ ಬಂದ ಚಪ್ಪಾಳೆಯ ಸದ್ದು. ಮೈಸೂರಿನ ಪೆಂಡಾಲುಗಳಲ್ಲಿ ನಾನು ಅದನ್ನೇ ಬಡಿದು ಮಹಾರಾಣಿ ಕಾಲೇಜಿನ ಹುಡುಗಿಯರನ್ನು ಕುಣಿಸಿದ್ದು. ನನ್ನ ಯೌವನದ ಏಕೈಕ ಕೀರ್ತಿ ಅದು. ಈಗ ರೆಂಟನ್ನಿನ ಈ ಮುದುಕ ಬಂದು ಅದು ತನ್ನದು ಎನ್ನುತ್ತಿದ್ದರು. ನನ್ನ ಹೊಟ್ಟೆಯ ಉರಿ ಶುರುವಾದದ್ದು ಆ ಗಳಿಗೆಯಲ್ಲಿ.

ಅವರು ಹೇಳಿದ್ದು ನಿಜವೋ ಎಂದು ಅವತ್ತೇ ಸಂಜೆ ಹುಡುಕಿದೆ. ನಿಜವೇ ಆಗಿತ್ತು. ಬಹಳ ಹಿಂದೆ ಕ್ಯಾಲಿಫೋರ್ನಿಯಾದ ಒಂದು ಬೀದಿಯ ಐವರು ಹುಡುಗರು ಒಂದು ತಂಡ ಕಟ್ಟಿದ್ದರು. ಡ್ರಮ್ಮು ಬಾರಿಸುವವರ ಬದಲು ಯಂತ್ರದ ಗುಂಡಿ ಒತ್ತಿ ತಾಳ ಹುಟ್ಟಿಸಿ, ಅದರ ಮೇಲೆ ಮಾತನ್ನೇ ಹಾಡಿನ ಹಾಗೆ ಹರಿಯಬಿಟ್ಟಿದ್ದರು. ಆಗ ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲವಂತೆ. ಎಲೆಕ್ಟ್ರೋ ಫಂಕ್, ಹಿಪ್ ಹಾಪ್ ಎಂದೆಲ್ಲ ಆಮೇಲೆ ತಿಳಿದವರು ಕರೆದರು. ಮೈಗೆಲ್ಲ ಬೆಳ್ಳಿ ಬಣ್ಣದ ಬಟ್ಟೆ ಹಾಕಿಕೊಂಡು, ಬೇರೆ ಗ್ರಹದಿಂದ ಇಳಿದವರ ಹಾಗೆ ವೇದಿಕೆ ಹತ್ತುತ್ತಿದ್ದರು. ತಂಡ ಬೇಗ ಒಡೆಯಿತು. ಇವರು ಉತ್ತರಕ್ಕೆ ಬಂದು ಇಲ್ಲಿನ ವಿಮಾನ ಕಾರ್ಖಾನೆ ಸೇರಿ, ಅಲ್ಲೇ ನಿವೃತ್ತರಾದರು. ಅವರ ತಾಳ ಮಾತ್ರ ಎಲ್ಲರ ಹಾಡಿನೊಳಗೂ, ಅವರ ಚಪ್ಪಾಳೆ ಕಂಪನಿಗಳು ಮಾಡುವ ನನ್ನದರಂಥ ಪ್ಯಾಡುಗಳೊಳಗೂ ಸೇರಿಕೊಂಡಿತು.

ಚಪ್ಪಾಳೆಯ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದಾರೋ! ಅದು ಅವರ ಅಜ್ಜಿಯ ಬಚ್ಚಲುಮನೆಯಲ್ಲಿ ಹುಟ್ಟಿದ್ದು. ಅಲ್ಲಿ ಸದ್ದು ಚೆನ್ನಾಗಿ ಮೊಳಗುತ್ತದೆಂದು ಐವರೂ ಸ್ನಾನದ ತೊಟ್ಟಿಯೊಳಗೆ ನಿಂತು ಚಪ್ಪಾಳೆ ತಟ್ಟಿ ಟೇಪಿಗೆ ಹಿಡಿದರು. ಸೋಪಿನ ಮೇಲೆ ಕಾಲು ಜಾರಿ ಇವರದು ಒಂದು ಕೂದಲೆಳೆ ತಡವಾಯಿತು.

"ನಾಲ್ಕು ಜನ ಸರಿಯಾಗಿ ತಟ್ಟಿದರು," ಎನ್ನುತ್ತಿದ್ದರು, ಟೋಪಿ ಸರಿಮಾಡಿಕೊಂಡು. "ನಾನೊಬ್ಬ ತಡವಾಗಿ ತಟ್ಟಿದೆ. ಜನ ಕುಣಿದದ್ದು ನನ್ನ ತಡಕ್ಕೆ."

ವಿನಯ ಎಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಕಸದ ಡಬ್ಬಿ ಬೀದಿಗೆ ಇಡಲು ಬರುವಾಗಲೂ ಬೂಟು ಬದಲಾಯಿಸಿಕೊಂಡು ಬರುತ್ತಿದ್ದರು. ಅಂಗಡಿಯಲ್ಲಿ ನಾವಿಬ್ಬರೂ ಬಿಲ್ ಮಾಡಿಸಲು ನಿಂತಾಗ ಮೇಲಿನ ಸ್ಪೀಕರಿನಲ್ಲಿ ಯಾವುದೋ ಹೊಸ ಹುಡುಗನ ಹಾಡು ಬಂದರೆ, ಒಂದು ಬೆರಳು ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಸರಿಯಾದ ಜಾಗಕ್ಕೆ ಬಂದಾಗ "ಇಗೋ, ಇದು ನನ್ನ ಕೈ" ಎಂದು ಬಿಲ್ ಮಾಡುವ ಹುಡುಗಿಗೆ ಅಂಗೈ ತೋರಿಸುತ್ತಿದ್ದರು. ಅವಳು ನಕ್ಕು, ನಿಮಗೆ ಚೀಲ ಬೇಕಾ ಎನ್ನುತ್ತಿದ್ದಳು. ನಾನು ಹಿಂದೆ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಂತಿರುತ್ತಿದ್ದೆ. ನನ್ನದು ಎಂದು ತೋರಿಸಲು ನನಗೆ ಯಾವ ಅಂಗಡಿಯ ಸ್ಪೀಕರಿನಲ್ಲೂ ಏನೂ ಇರಲಿಲ್ಲ.

ಯಾರು ಮಾತನಾಡಿದರೂ ಅವರ ಎರಡು ಬೆರಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು. ಎದುರಿನವರ ಮಾತಿನ ಓಟ ಅಳೆಯುವುದು. ಒಂದು ದಿನ ನನಗೆ ಹೇಳಿಯೇಬಿಟ್ಟರು: "ನೇಬರ್, ನೀನು ಮಾತಾಡುವಾಗಲೂ ಓಡುತ್ತೀಯ." ನುಡಿಸುವಾಗ ಓಡುತ್ತೇನೆ ಎಂಬುದು ಅದರಲ್ಲೇ ಬಂದುಹೋಯಿತು. ನಾನು ಮನೆಗೆ ಬಂದು, ಗುಂಡಿ ಒತ್ತುವವರಿಗೆ ಕೈಯಿಂದ ಬಾರಿಸುವವರ ಕಷ್ಟವೇನು ಗೊತ್ತು ಎಂದು ಕೂಗಾಡಿದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದಳು ಪ್ರಮೀಳಾ, ಪಾತ್ರೆ ತೊಳೆಯುತ್ತಾ.

ಪ್ರಮೀಳಾಳಿಗೂ ಅವರಿಗೂ ಸ್ನೇಹ ಬೆಳೆದದ್ದು ಆ ಬೆಳ್ಳಿ ಬಟ್ಟೆಯಿಂದ. ಅವರ ಹಿತ್ತಲಿನ ಚೆರಿ ಮರದಲ್ಲಿ ಥಳಥಳ ಹೊಳೆಯುವ ಒಂದು ಆಕೃತಿ, ಕೈ ಚಾಚಿಕೊಂಡು ನೇತಾಡುತ್ತಿತ್ತು. ಪ್ರಮೀಳಾ ಅದನ್ನು ನೋಡಿ, ಈ ದೇಶದಲ್ಲೂ ದೃಷ್ಟಿಬೊಂಬೆ ಕಟ್ಟುವವರು ಸಿಕ್ಕಿದರಲ್ಲ ಎಂದು ಹಿಗ್ಗಿಹೋದಳು. ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿಕೊಂಡು ಹೋಗಿ, ಬೊಂಬೆ ಒಂದೇ ಇದ್ದರೆ ಸಾಲದು, ಇದನ್ನೂ ಕಟ್ಟಿ ಎಂದಳಂತೆ. ಆಮೇಲೆ ತಿಳಿಯಿತು, ಅದು ಅವರ ವೇದಿಕೆಯ ಉಡುಪು. ಹಕ್ಕಿಗಳು ಚೆರಿ ಹಣ್ಣು ತಿನ್ನದಿರಲೆಂದು ಹುಲ್ಲು ತುಂಬಿ ಕಟ್ಟಿದ್ದರು.

ಅವಳು ದೃಷ್ಟಿ ಎಂದರೇನೆಂದು ವಿವರಿಸಿದಳು. ಒಬ್ಬರ ಏಳಿಗೆ ನೋಡಿ ಇನ್ನೊಬ್ಬರು ಕಣ್ಣು ಹಾಕುತ್ತಾರೆ. ಅದು ತಾಗಿದರೆ ಜ್ವರ, ಜಗಳ, ನಷ್ಟ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಬೇಕು. ಅವರು ಟೋಪಿ ತೆಗೆದು ಎದೆಗಿಟ್ಟುಕೊಂಡು ಕೇಳಿದರಂತೆ. "ಮಿಸ್ ಪ್ರಮೀಳಾ, ನಮ್ಮ ತಂಡಕ್ಕೆ ಆದದ್ದೂ ಅದೇ. ಆಗ ನೀವು ಎಲ್ಲಿದ್ದಿರಿ?" ಎಂದರಂತೆ. ನಿಂಬೆಹಣ್ಣನ್ನು ಆ ಬೆಳ್ಳಿ ಅಂಗಿಯ ಎದೆಗೇ ಪಿನ್ನು ಹಾಕಿ ಚುಚ್ಚಿದರು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಹೆಂಡತಿ ದೃಷ್ಟಿ ತೆಗೆಯುವುದರಲ್ಲಿ ಗಟ್ಟಿಗಿತ್ತಿ. ಮಗಳು ಸಿರಿಗೆ ತೆಗೆದಿದ್ದಾಳೆ, ಹೊಸ ಕಾರಿಗೆ ತೆಗೆದಿದ್ದಾಳೆ, ಒಮ್ಮೆ ಹುಲುಸಾಗಿ ಬಿಟ್ಟ ಟೊಮೆಟೊ ಗಿಡಕ್ಕೂ ತೆಗೆದಿದ್ದಾಳೆ. ನನಗೆ ಒಂದು ಸಲವೂ ತೆಗೆದಿಲ್ಲ. ರಾಜ್ಯೋತ್ಸವಕ್ಕೆ, ಯುಗಾದಿಗೆ ಎಂದು ಇಷ್ಟು ವರ್ಷ ಜನರ ಮುಂದೆ ನುಡಿಸಿ ಬಂದರೂ, ಇವನ ಮೇಲೆ ಯಾರ ಕಣ್ಣಾದರೂ ಬಿದ್ದಿರಬಹುದು ಎಂದು ಅವಳಿಗೆ ಅನಿಸಿಲ್ಲ. ಟೊಮೆಟೊ ಗಿಡದ ಮೇಲೆ ಬಿದ್ದೀತು, ನನ್ನ ಮೇಲೆ ಬೀಳದು. ಇದನ್ನು ಬಾಯಿಬಿಟ್ಟು ಕೇಳಲಾಗುತ್ತದೆಯೇ? ಒಳಗೇ ಇಟ್ಟುಕೊಂಡಿದ್ದೆ.

ಸಿರಿಯ ವಿಷಯ ಇನ್ನೊಂದು. ಆಗ ಅವಳಿಗೆ ಹನ್ನೆರಡೋ ಹದಿಮೂರೋ. ಎಲ್ಲರ ಮನೆಯ ಹಾಗೆ ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಒಂದು ವಾಕ್ಯ ಕನ್ನಡ ಆಡಿಸಲು ಗದರಿದ್ದೇನೆ, ಚಾಕಲೇಟ್ ಕೊಟ್ಟಿದ್ದೇನೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಚಾಕಲೇಟ್ ಕೇಳಲು ಬರುವ ಹ್ಯಾಲೊವೀನ್ ದಿನ ಅವರು ತಮ್ಮ ಹಳೆಯ ಯಂತ್ರವೊಂದನ್ನು ಮನೆಯ ಮುಂದೆ ತಂದಿಟ್ಟರು. ಅದರ ಮೈಕಿನಲ್ಲಿ ಮಾತನಾಡಿದರೆ ದನಿ ರೋಬೋಟಿನ ಗಂಟಲಿನಿಂದ ಬಂದಂತೆ ಬರುತ್ತದೆ. ಸುತ್ತಲ ಬೀದಿಯ ಮಕ್ಕಳೆಲ್ಲ ಅವರ ಅಂಗಳದಲ್ಲಿ. ನಾನು ದೊಡ್ಡ ದೊಡ್ಡ ಚಾಕಲೇಟ್ ತಂದಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದೆ, ಒಂದು ನರಪಿಳ್ಳೆಯೂ ಬರಲಿಲ್ಲ. ಆಗ ಬೇಲಿಯಾಚೆಯಿಂದ ರೋಬೋಟು ಕನ್ನಡ ಮಾತನಾಡಿತು: "ಅಪ್ಪಾ, ಬನ್ನಿ ಇಲ್ಲಿ. ಊಟ ಆಯ್ತಾ? ನಂಗೆ ಮಜ್ಜಿಗೆ ಬೇಡಾ."

ನನ್ನ ಮಗಳ ಕನ್ನಡ. ಅವರು ಅವಳಿಗೆ, ಈ ಯಂತ್ರಕ್ಕೆ ಇಂಗ್ಲಿಷ್ ಕೇಳಿ ಕೇಳಿ ಬೇಜಾರಾಗಿದೆ, ಬೇರೆ ಏನಾದರೂ ತಿನ್ನಿಸು ಎಂದಿದ್ದರಂತೆ. ಮುಗಿಯಿತು, ಅವಳು ಅಜ್ಜಿಯಿಂದ ಕಲಿತ ಗಾದೆಗಳನ್ನೂ ಹೇಳಿಬಿಟ್ಟಳು. ನಾನು ಚಾಕಲೇಟ್ ಬುಟ್ಟಿ ಹಿಡಿದು ಬೇಲಿಯ ಪಕ್ಕ ನಿಂತು ಕೇಳಿದೆ. ಸಂತೋಷಪಡಬೇಕಾದ ಗಳಿಗೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಲ್ಲು ಕಡಿದುಕೊಂಡೆ.

ಅವರೂ ಕಿಚ್ಚಿನ ಮನುಷ್ಯರೇ. ಅದೊಂದು ವಿಷಯದಲ್ಲಿ ನಾವು ಅಣ್ಣತಮ್ಮಂದಿರು. ತಂಡದ ಮುಂದಾಳಾಗಿದ್ದವನು ಇನ್ನೂ ಆ ಹೆಸರಿನಲ್ಲೇ ಹೊಸ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಅವನು ಇವರ ಹುಟ್ಟುಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದ. ಇವರು ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೇನು ನಿಲ್ಲಬೇಕು ಎನ್ನುವವರೆಗೆ ರಿಂಗಾಗಲು ಬಿಟ್ಟು ಆಮೇಲೆ ಎತ್ತುತ್ತಿದ್ದರು. "ಸ್ವಲ್ಪ ಕಾಯಲಿ," ಎನ್ನುತ್ತಿದ್ದರು ನನಗೆ ಕಣ್ಣು ಹೊಡೆದು.

ಸಿಯಾಟಲ್‌ನ ಒಂದು ಮ್ಯೂಸಿಯಂನಲ್ಲಿ ಆ ತಂಡದ ಸಾಮಾನು ಇಟ್ಟಿದ್ದಾರೆ ಎಂದು ತಿಳಿದು ನನ್ನನ್ನು ಕರೆದುಕೊಂಡು ಹೋದರು. ಗಾಜಿನ ಪೆಟ್ಟಿಗೆಯಲ್ಲಿ ಮುಂದಾಳಿನ ಬೆಳ್ಳಿ ಉಡುಪು, ಅದರ ಮೇಲೆ ದೀಪದ ಬೆಳಕು ಬೇರೆ ಬಿಟ್ಟಿದ್ದರು. ಪಕ್ಕದಲ್ಲಿ ತಾಳದ ಯಂತ್ರದ ಚಿತ್ರ. ಕೆಳಗೆ ಬರೆದದ್ದು ಮುಂದಾಳಿನ ಹೆಸರೊಂದೇ. ಅವರು ಬಹಳ ಹೊತ್ತು ನಿಂತರು. ಬೆರಳು ತೊಡೆಯ ಮೇಲೆ ಬಡಿಯಲಿಲ್ಲ. ನನಗೆ ಯಾಕೋ ಅವರ ತೋಳು ಹಿಡಿದುಕೊಳ್ಳಬೇಕು ಅನಿಸಿತು, ಹಿಡಿದುಕೊಳ್ಳಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಆಲೂಗಡ್ಡೆ ಫ್ರೈಸ್ ತಿನ್ನುತ್ತಾ ಹೇಳಿದರು: "ಹೊಟ್ಟೆಕಿಚ್ಚು ಕೆಟ್ಟದ್ದು ಅಂತ ಚರ್ಚಿನಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿನ್ನನ್ನು ನೋಡಿ ಒಬ್ಬನೂ ಹೊಟ್ಟೆ ಉರಿದುಕೊಳ್ಳುತ್ತಿಲ್ಲ ಅಂದರೆ, ನೇಬರ್, ನಿನ್ನ ನಾಡಿ ಓಡುತ್ತಿದೆಯಾ ಅಂತ ನೋಡಿಕೋ."

ನನಗೆ ಚುಚ್ಚಿತು. ಸ್ಟೀರಿಂಗ್ ಹಿಡಿದುಕೊಂಡೇ ನನ್ನ ಟೊಮೆಟೊ ಗಿಡ ನೆನಪಾಯಿತು.

ಹೀಗಿರುವಾಗ ಆ ವರ್ಷದ ರಾಜ್ಯೋತ್ಸವ ಬಂತು. ಶೋರ್‌ಲೈನ್ ಎಂಬ ಊರಿನ ಒಂದು ಶಾಲೆಯ ಸಭಾಂಗಣದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಬೆಳಿಗ್ಗೆ ಪ್ಯಾಡಿನ ಸ್ವಿಚ್ಚು ಹಾಕಿದರೆ ಉಸಿರಿಲ್ಲ. ಗ್ಯಾರೇಜಿನ ಸೂರು ಸೋರಿ, ಮಳೆನೀರು ಒಳಗೆ ಇಳಿದಿತ್ತು. ಗೋಪಿ ತಲೆಯ ಮೇಲೆ ಕೈ ಹೊತ್ತು ಕೂತ. ಪ್ರಮೀಳಾ ನನ್ನನ್ನು ಕೇಳದೆಯೇ ಬೇಲಿ ದಾಟಿ ಹೋಗಿ, ಅವರ ತಾಳದ ಯಂತ್ರ ಒಂದು ದಿನಕ್ಕೆ ಕೊಡುತ್ತಾರಾ ಎಂದು ಕೇಳಿದಳು.

"ಯಂತ್ರ ಒಂದೇ ಬರುವುದಿಲ್ಲ," ಎಂದರಂತೆ ಅವರು. "ನನ್ನ ಜೊತೆ ಬರುತ್ತದೆ. ಟೈ ಯಾವ ಬಣ್ಣದ್ದು ಹಾಕಲಿ?"

ಹೀಗೆ ಅವರು ಕೆಂಪು ಟೈ, ಹಳದಿ ಕರವಸ್ತ್ರ ಧರಿಸಿ ನಮ್ಮ ವೇದಿಕೆ ಹತ್ತಿದರು. ನನ್ನ ಜಾಗದಲ್ಲಿ ಅವರು. ನನ್ನ ಕೈಗೆ ಯಾರೋ ಶೇಕರ್ ಕೊಟ್ಟರು, ಮಕ್ಕಳು ಗಿಲಕಿ ಆಡಿಸುವ ಹಾಗೆ ಆಡಿಸುವ ವಾದ್ಯ. ಅವರಿಗೆ ನಮ್ಮ ಹಾಡುಗಳು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಶನಿವಾರಗಳಂದು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರಲ್ಲ. ಅವರು ಪ್ರಮೀಳಾಳ ಕಡೆ ತಿರುಗಿ ಕೂತರು. ಅವಳು ಉಸಿರು ತೆಗೆದುಕೊಳ್ಳುವುದನ್ನು ನೋಡುತ್ತಾ ಗುಂಡಿ ಒತ್ತಿದರು. ತಾಳ ನಾನು ನುಡಿಸುವುದಕ್ಕಿಂತ ನಿಧಾನ. ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಬೀಳದೆ, ಒಂದು ಕೂದಲೆಳೆ ತಡೆದು ಬಿತ್ತು. ಆ ಕೂದಲೆಳೆಯ ಜಾಗದಲ್ಲಿ ಪ್ರಮೀಳಾ ಹಾಡಿದಳು.

ಅವಳು ಹಾಗೆ ಹಾಡಿದ್ದನ್ನು ನಾನು ಮದುವೆಗೆ ಮುಂಚೆ ಒಮ್ಮೆ ಕೇಳಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದ ಹುಡುಗರು ಎದ್ದು ಕುಣಿದರು. ಕೊನೆಗೆ ಅಧ್ಯಕ್ಷರು ಅತಿಥಿಗಳಿಗೆಂದು ತಂದಿದ್ದ ಶಾಲು, ಮೈಸೂರು ಪೇಟವನ್ನು ಅವರಿಗೆ ಹಾಕಿದರು. ಅವರು ಪೇಟವನ್ನು ತಾವೇ ಒಂದು ಪಕ್ಕಕ್ಕೆ ಓರೆ ಮಾಡಿಕೊಂಡು ನಾಲ್ಕೂ ದಿಕ್ಕಿಗೆ ಕೈಮುಗಿದರು. ನಾನು ಶೇಕರ್ ಹಿಡಿದುಕೊಂಡು ಫೋಟೋದ ಅಂಚಿನಲ್ಲಿ ಅರ್ಧ ಬಂದಿದ್ದೇನೆ.

ಕಾರಿನಲ್ಲಿ ಪ್ರಮೀಳಾ ಸೆರಗು ಹೊದ್ದುಕೊಂಡು ಕೂತಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಇವತ್ತು ಉಸಿರು ತಗೊಳ್ಳೋಕೆ ಟೈಮ್ ಸಿಕ್ತು ಕಣ್ರೀ."

"ಅಂದ್ರೆ ಇಷ್ಟು ವರ್ಷ ನಾನು ಉಸಿರುಕಟ್ಟಿಸ್ತಿದ್ನಾ?"

"ನಾನ್ ಹಂಗಂದ್ನಾ?"

"ಮತ್ತೆ ಹೆಂಗಂದೆ?"

ಅವಳು ಕಿಟಕಿಯಾಚೆ ನೋಡಿದಳು. ಸಿರಿ ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಮಾರನೆಯ ದಿನ ಅವರಿಗೆ ಜ್ವರ. ಪ್ರಮೀಳಾಳಿಗೆ ಅಷ್ಟು ಸಾಕಾಯಿತು. ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಹೊರಟಳು. ನಮ್ಮ ಮನೆಯಲ್ಲಿ ಒಮ್ಮೆ ಒಳಗೇ ಮೆಣಸಿನಕಾಯಿ ಸುಟ್ಟು ಹೊಗೆಯ ಅಲಾರಂ ಬೀದಿಗೆಲ್ಲ ಕೇಳುವಂತೆ ಕೂಗಿದ ಮೇಲೆ ಇಂಥದ್ದೆಲ್ಲ ಹೊರಗೇ ಆಗಬೇಕು. ಅವರ ಹಿತ್ತಲಿನಲ್ಲಿ ಇದ್ದಿಲು ಹಾಕುವ ಗ್ರಿಲ್ ಇತ್ತು. ಅವರು ಭಾನುವಾರ ಮಾಂಸ ಸುಟ್ಟರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದವಳು, ಈಗ "ಬೆಂಕಿಗೆ ಎಂಥ ಮೈಲಿಗೆ?" ಎಂದು ತಾನೇ ಅದಕ್ಕೆ ಕೆಂಡ ಮಾಡಿದಳು. ಅವರು ಕಂಬಳಿ ಹೊದ್ದು, ತಲೆಗೆ ಪೇಟ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು.

"ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು," ಎಂದು ನಿವಾಳಿಸಿದಳು. ಕೊನೆಗೆ ನನ್ನ ಕಡೆ ತಿರುಗಿ ನೋಡಿ, "ಅಕ್ಕಪಕ್ಕದೋರ ಕಣ್ಣು," ಎಂದು ಸೇರಿಸಿ, ಮುಷ್ಟಿಯಲ್ಲಿದ್ದದ್ದನ್ನು ಕೆಂಡಕ್ಕೆ ಸುರಿದಳು.

ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ದೃಷ್ಟಿ ಇಲ್ಲದಿದ್ದರೆ ಸುಟ್ಟ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿ ಸಾಯುತ್ತಾರೆ. ದೃಷ್ಟಿ ಆಗಿದ್ದರೆ ಘಾಟು ಬರುವುದೇ ಇಲ್ಲ. ಉಪ್ಪು ಚಟಪಟ ಸಿಡಿಯಿತು, ಮೆಣಸಿನಕಾಯಿ ಕಪ್ಪಾಯಿತು, ಯಾರೂ ಕೆಮ್ಮಲಿಲ್ಲ.

"ನೋಡಿ, ಎಷ್ಟು ದೊಡ್ಡ ಕಣ್ಣು!" ಎಂದಳು.

ಅವರು ಜ್ವರದಲ್ಲೂ ಹೆಮ್ಮೆಯಿಂದ ನಕ್ಕರು. ಅವರು ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿದ್ದವು. ನನ್ನ ಕಣ್ಣಿಗೆ ಇಷ್ಟು ಶಕ್ತಿ ಇದೆಯೇ ಎಂದು ನನಗೂ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ, ಪಕ್ಕದ ಮನೆಯವರಿಗೆ ನಿವಾಳಿಸಿದ ಆ ಕೈ ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಮುಖದ ಮುಂದೆ ಸುತ್ತಿಲ್ಲವಲ್ಲ ಅನಿಸಿತು. ಕೆಲಸವಿದೆ ಎಂದು ಎದ್ದು ಬಂದೆ.

ಆಮೇಲೆ ಕೆಲವು ತಿಂಗಳು ನಾನು ಅವರನ್ನು ತಪ್ಪಿಸಿಕೊಂಡು ಓಡಾಡಿದೆ. ಹೊಸ ಪ್ಯಾಡು ಬಂತು. ಶನಿವಾರ ಗ್ಯಾರೇಜಿನ ಬಾಗಿಲು ಹಾಕಿಕೊಂಡು ನುಡಿಸಿದೆವು. ಪ್ರಮೀಳಾ, "ಸವತಿ ಮತ್ಸರ ಅಂದ್ರೆ ಇದೇ ನೋಡಿ," ಎಂದು ರೇಗಿಸುತ್ತಿದ್ದಳು. ಜ್ವರ ಅವತ್ತು ಬಿಟ್ಟರೂ ಅವರ ಒಳಗೆ ಬೇರೆ ಏನೋ ಕಾಯಿಲೆ ಕೂತಿತ್ತು ಎಂದು ತಿಳಿದದ್ದು ಆ ದಿನಗಳಲ್ಲೇ. ಟಕೋಮಾದಿಂದ ಅವರ ತಂಗಿಯ ಮಗಳು ಬಂದು ಜೊತೆಗೆ ಉಳಿದಳು. ಇಸ್ತ್ರಿ ಪ್ಯಾಂಟು ಸಡಿಲವಾಗುತ್ತಾ ಹೋಯಿತು. ಕಸದ ಡಬ್ಬಿ ಬೀದಿಗೆ ತರುವವಳು ಅವಳಾದಳು.

ಒಂದು ದಿನ ಅವಳ ಕೈಯಲ್ಲೇ ಹೇಳಿಕಳಿಸಿದರು, ಪ್ಯಾಡ್ ತಗೊಂಡು ಬಾ ಎಂದು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಟೋಪಿ ಹಾಕಿಕೊಂಡೇ ಕೂತಿದ್ದರು. ನಾನು ಮೈಸೂರಿನ ಪೆಂಡಾಲಿನ ನನ್ನ ಹಳೆಯ ತಾಳ ನುಡಿಸಿದೆ. ಓಡಬಾರದೆಂದು ಹಲ್ಲುಕಚ್ಚಿ ನುಡಿಸಿದೆ. ಅವರ ಎರಡು ಬೆರಳು ತೊಡೆಯ ಮೇಲೆ ಬಡಿಯುತ್ತಿದ್ದವು. ಚಪ್ಪಾಳೆಯ ಜಾಗ ಬಂದಾಗ ನಾನು ತಡೆದೆ. ಅವರು ಒಂದು ಬೆರಳು ಎತ್ತಿದರು. ಕೆಂಪು ಮೂಲೆಗೆ ತಟ್ಟಿದೆ. ಬೆರಳು ಇಳಿಯಿತು.

ನುಡಿಸಿ ಮುಗಿಸಿ ಅವರ ಮುಖ ನೋಡಿದೆ. ಜೀವಮಾನದಲ್ಲಿ ಯಾರ ಮುಖವನ್ನೂ ನಾನು ಹಾಗೆ ಕಾದು ನೋಡಿಲ್ಲ.

"ಪರವಾಗಿಲ್ಲ," ಎಂದರು. ಅಷ್ಟೇ. ಆಮೇಲೆ ಪ್ರಮೀಳಾ ಕಳಿಸಿದ ಕೇಸರಿಭಾತಿನ ಡಬ್ಬಿ ತೆರೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಅದ್ಭುತ," ಎಂದರು. ಅವಳ ರವೆಗೆ ಅದ್ಭುತ, ನನ್ನ ತಾಳಕ್ಕೆ ಪರವಾಗಿಲ್ಲ. ಪ್ಯಾಡ್ ಹೊತ್ತುಕೊಂಡು ಮನೆಗೆ ಬರುವಾಗ ಕಾಲು ನೆಲಕ್ಕೆ ಜೋರಾಗಿಯೇ ಬೀಳುತ್ತಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ವಾರವೇ ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ.

ಅವರು ಹೋದ ಮೇಲೆ ಆ ಮ್ಯೂಸಿಯಂನವರೇ ಬಂದರು. ಬಿಳಿ ಕೈಗವಸು ಹಾಕಿಕೊಂಡು, ಮಗುವನ್ನು ಇಳಿಸುವ ಹಾಗೆ, ಚೆರಿ ಮರದಿಂದ ಬೆಳ್ಳಿ ಉಡುಪನ್ನು ಇಳಿಸಿದರು. ಎದೆಗೆ ಚುಚ್ಚಿದ್ದ ನಿಂಬೆಹಣ್ಣು ಒಣಗಿ ಕಪ್ಪಾಗಿತ್ತು. ಅದನ್ನೂ ಕೀಳದೆ ಹಾಗೆಯೇ ತೆಗೆದುಕೊಂಡು ಹೋದರು, ಅದೇನೆಂದು ಪ್ರಮೀಳಾಳನ್ನು ಕೇಳಿ ಬರೆದುಕೊಂಡರು. ಹೀಗೆ ನನ್ನ ಹೆಂಡತಿಯ ನಿಂಬೆಹಣ್ಣೂ ಮ್ಯೂಸಿಯಂ ಸೇರಿತು.

ನಮಗೆ ಅವರ ತಂಗಿಯ ಮಗಳು ಗ್ರಿಲ್ ಕೊಟ್ಟಳು. ಮಿಸ್ ಪ್ರಮೀಳಾಳಿಗೆ ಕೊಡಬೇಕೆಂದು ಮಾವ ಹೇಳಿದ್ದರಂತೆ. ನಾನು ಅದನ್ನು ಉರುಳಿಸಿಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ನಿಲ್ಲಿಸಿದೆ. "ಮಾಂಸದ ಒಲೆ ನಮಗ್ಯಾಕೆ?" ಎಂದು ಗೊಣಗಿದೆ. ಪ್ರಮೀಳಾ ಅದಕ್ಕೆ ಇದ್ದಿಲು ಸುರಿದಳು. ಕೆಂಡ ಮಾಡಿದಳು. ಒಳಗೆ ಹೋಗಿ ಮುಷ್ಟಿ ಬಿಗಿಹಿಡಿದುಕೊಂಡು ಬಂದಳು.

"ಕೂತ್ಕೊಳ್ಳಿ ಇಲ್ಲಿ," ಎಂದಳು ಕುರ್ಚಿ ಎಳೆದು.

"ಯಾರಿಗೆ?"

"ನಿಮ್ಗೇ. ಇನ್ಯಾರಿದಾರೆ ಇಲ್ಲಿ?"

"ನನ್ ಮೇಲೆ ಯಾರ ಕಣ್ಣು ಬೀಳುತ್ತೆ ಬಿಡು."

ಅವಳು ಇನ್ನೊಂದು ಕೈಯಿಂದ ಕೆಂಡ ಕೆದಕಿದಳು. "ಅವ್ರು ನಿಮ್ಗೆ ಹೇಳ್ಬೇಡಿ ಅಂದಿದ್ರು, ತಲೆ ತಿರುಗುತ್ತೆ ಅಂತ. ಪ್ರತಿ ಶನಿವಾರ ನೀವೆಲ್ಲ ಜಗಳ ಆಡ್ಕೊಂಡು ನುಡಿಸ್ತೀರಲ್ಲ, ಆವಾಗ ಟೀವಿ ಆಫ್ ಮಾಡಿ ಗೋಡೆ ಪಕ್ಕ ಕೂರ್ತಿದ್ರಂತೆ. ಅವ್ರೇ ಹೇಳಿದ್ರು, ನಮ್ಮ ತಂಡದ ಐದು ಜನ ಒಡೆದ್ಮೇಲೆ ಒಂದು ರೂಮಲ್ಲಿ ಕೂರ್ಲೇ ಇಲ್ಲ, ನಿಮ್ ಗಂಡಂಗೆ ವಾರವಾರ ಜನ ಬರ್ತಾರೆ, ಮುಂದೆ ನಿಂತು ಹಾಡೋಕೆ ಹೆಂಡ್ತಿ ಇದಾಳೆ, ಅವನ ಮೇಲೆ ನನ್ ಕಣ್ಣಿದೆ, ನಾನು ಹೋದ್ಮೇಲೆ ತೆಗೆದುಬಿ‌ಡಿ ಅಂದ್ರು. ಮುಂಚೆನೇ ತೆಗೀಲಾ ಅಂದೆ. ಬೇಡ, ಇರ್ಲಿ, ಸ್ವಲ್ಪ ದಿನ ಉರ್ಕೊಳ್ತೀನಿ ಅಂದ್ರು."

ನಾನು ಕೂತೆ. ಅವಳ ಮುಷ್ಟಿ ನನ್ನ ಮುಖದ ಮುಂದೆ ಸುತ್ತಿತು. ಹೋದೋರ ಕಣ್ಣು, ಬಂದೋರ ಕಣ್ಣು ಎಂದು ನಿಧಾನವಾಗಿ ಹೇಳಿದಳು. ಪಕ್ಕದ ಮನೆಯವರ ಕಣ್ಣು ಎನ್ನುವಾಗ ಬೇಲಿಯಾಚೆಯ ಚೆರಿ ಮರದ ಕಡೆ ನೋಡಿದಳು. ಮುಷ್ಟಿ ಬಿಚ್ಚಿ ಕೆಂಡಕ್ಕೆ ಹಾಕಿದಳು.

ನಾನು ಉಸಿರು ಬಿಗಿಹಿಡಿದೆ. ಕೆಮ್ಮು ಬಂದರೆ ಎಂಬ ಭಯ. ಉಪ್ಪು ಸಿಡಿಯಿತು. ಮೆಣಸಿನಕಾಯಿಗಳು ಉಬ್ಬಿ, ಕಪ್ಪಾಗಿ, ಮುದುಡಿಕೊಂಡವು. ಹೊಗೆ ನೇರ ನನ್ನ ಮುಖಕ್ಕೇ ಬಂತು. ಇನ್ನು ತಡೆಯಲಾಗದೆ ಉಸಿರು ಎಳೆದುಕೊಂಡೆ.

ಘಾಟು ಇರಲಿಲ್ಲ. ಚೂರೂ ಇರಲಿಲ್ಲ.

"ಘಾಟೇ ಇಲ್ವಲ್ರೀ," ಎಂದಳು ಪ್ರಮೀಳಾ, ನನ್ನ ಮುಖ ನೋಡಿ. "ಮತ್ತ್ಯಾಕೆ ಕಣ್ಣಲ್ಲಿ ಇಷ್ಟು ನೀರು?"